ಡ್ರೀಮ್‌ವಿಡ್ತ್‌ನಲ್ಲಿ ಮೂರು ವರ್ಷ: ಅವ್ವನ ಹಗೇವು ಬರೆದಿಡಲು ಸಿಕ್ಕ ಜಾಗ

ಮೂರು ವರ್ಷದ ಹಿಂದೆ ನಮ್ಮ ಹಳೇ ಮನೆಯ ಫೋಟೊ ಒಂದನ್ನು ಎಲ್ಲರೂ ಇರುವ ಜಾಲತಾಣದಲ್ಲಿ ಹಾಕಿದ್ದೆ. ಹಳೇ ಬಾಗಲಕೋಟೆಯ ಮನೆ ಅದು. ಆಲಮಟ್ಟಿ ಹಿನ್ನೀರಿನಲ್ಲಿ ಹೋಯಿತು, ನಾವು ನವನಗರಕ್ಕೆ ಬಂದೆವು. ಫೋಟೊಗೆ ಲೈಕ್‌ಗಳು ಬಂದವು, ಕೈಮುಗಿಯುವ ಚಿತ್ರಗಳೂ ಬಂದವು. ಮನೆ ಹೇಗಿತ್ತು ಅಂತ ಯಾರೂ ಕೇಳಲಿಲ್ಲ. ಅವ್ವ ಎಲ್ಲ ಓದಿಸಿಕೊಂಡು, "ಇಷ್ಟೇ ಏನವ್ವಾ?" ಅಂದಳು. ಆ ಮಾತು ನನ್ನನ್ನು ಬಹಳ ಚುಚ್ಚಿತು.

ಅದಾದ ಮೇಲೆ ಡ್ರೀಮ್‌ವಿಡ್ತ್ ಅನ್ನುವ, ದಿನಚರಿ ಬರೆಯುವ ಜಾಲತಾಣಕ್ಕೆ ಬಂದೆ. 1999ರಲ್ಲಿ ಶುರುವಾದ ಇಂಥದೇ ತಾಣ ಲೈವ್‌ಜರ್ನಲ್ ಗೊತ್ತಿದ್ದವರಿಗೆ ಇದು ಹೊಸದಲ್ಲ. ಅಲ್ಲಿ ಕೆಲಸ ಮಾಡಿದ್ದ ಇಬ್ಬರು ಅದೇ ಕೋಡ್ ಇಟ್ಟುಕೊಂಡು ಇದನ್ನು ಕಟ್ಟಿ, 2009ರಲ್ಲಿ ಜನರಿಗೆ ತೆರೆದರು. ಜಾಹೀರಾತು ಇಲ್ಲ. ಹಣ ಕೊಟ್ಟು ಖಾತೆ ಇಟ್ಟುಕೊಂಡವರಿಂದಲೇ ನಡೆಯುತ್ತದೆ. ನೀವು ಆರಿಸಿಕೊಂಡವರ ಬರಹಗಳು ಬರೆದ ಸಮಯದ ಕ್ರಮದಲ್ಲೇ, ಹೊಸದು ಮೊದಲು ಬರುತ್ತವೆ. ಓದಿದ್ದು ಮುಗಿದರೆ ಮುಗಿಯಿತು, ಮತ್ತೇನನ್ನೂ ತಂದು ಮುಂದೆ ಸುರಿಯುವುದಿಲ್ಲ.

ಮೊದಲ ನಾಲ್ಕೈದು ತಿಂಗಳು ಬೇಜಾರಾಗಿತ್ತು, ಸುಳ್ಳು ಹೇಳಲಾರೆ. ಬರೆದರೆ ಯಾರೂ ಇಲ್ಲ. ನಾನೇ ಬೇರೆಯವರ ದಿನಚರಿಗೆ ಹೋಗಿ, ಪೂರ್ತಿ ಓದಿ, ನಾಲ್ಕು ಸಾಲು ಬರೆಯತೊಡಗಿದೆ. ಆಮೇಲೆ ಅವರೂ ಬಂದರು.

ಒಂದು ಸಲ ಅವ್ವ ಹೇಳಿದಂತೆ ಮನೆಯನ್ನು ಬರೆದೆ. ಪಡಸಾಲೆ, ಅಟ್ಟ, ಜೋಳ ತುಂಬಿಡುವ ನೆಲದೊಳಗಿನ ಹಗೇವು. ಒಂಬತ್ತು ದಿನದ ಮೇಲೆ ಒಬ್ಬರು ಕೇಳಿದರು: ಅಷ್ಟು ದಿನ ಮುಚ್ಚಿದ ಹಗೇವಿನೊಳಗೆ ಮನುಷ್ಯ ಹೇಗೆ ಇಳಿಯುತ್ತಿದ್ದ? ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ಅಲ್ಲೇ ನಿಂತಿತು. "ಬಾಯಿ ತೆರೆದು ಒಂದ್ ಹೊತ್ತು ಹಂಗ ಬಿಡತಿದ್ರು. ಆಮ್ಯಾಲ ಹಗ್ಗಕ್ಕ ಕಂದೀಲು ಕಟ್ಟಿ ಇಳಸೋರು. ಆರಿತಂದ್ರ ಒಳಗ ಗಾಳಿ ಕೆಟ್ಟೈತಿ ಅಂತ ಯಾರೂ ಇಳೀತಿರಲಿಲ್ಲ." ಹೆಂಚಿನ ಮೇಲಿದ್ದ ರೊಟ್ಟಿ ಕರಕಾಯಿತು. ಇಷ್ಟು ವರ್ಷ ಜೊತೆಗಿದ್ದೂ ನನಗೆ ಈ ವಿಷಯ ಗೊತ್ತಿರಲಿಲ್ಲ. ಅದೇ ಬರಹದ ಕೆಳಗೆ ಮಾತು ಎರಡು ವಾರ ನಡೆಯಿತು. ಯಾವ ಉತ್ತರ ಯಾವ ಪ್ರಶ್ನೆಗೆ ಅಂತ ಒಂದರೊಳಗೊಂದು ಜೋಡಿಸಿಟ್ಟಿರುತ್ತದೆ, ಈಗಲೂ ಸುಲಭವಾಗಿ ಓದಬಹುದು.

ನನಗೆ ಬಹಳ ಹಿಡಿಸಿದ್ದು ಬೀಗದ ವ್ಯವಸ್ಥೆ. ಒಬ್ಬರ ಬರಹ ಓದುವುದು ಬೇರೆ, ನಮ್ಮ ಒಳಗಿನ ಬರಹ ಅವರಿಗೆ ತೋರಿಸುವುದು ಬೇರೆ. ಎರಡನ್ನೂ ಒಂದೇ 'ಫ್ರೆಂಡ್' ಅಂತ ಕಟ್ಟಿಲ್ಲ. ಪರಿಹಾರದ ಹಣ ಹಂಚಿಕೊಳ್ಳುವಾಗ ಮನೆಯಲ್ಲಿ ಆದ ಮಾತುಗಳನ್ನು ಅವ್ವ ಹೇಳಿದ್ದಾಳೆ. ಅದನ್ನು ಪುಣೆಯ ಚಿಗವ್ವ ಮತ್ತು ನನ್ನ ತಮ್ಮ ಮಾತ್ರ ಓದಬಲ್ಲರು. ಅದಕ್ಕೆ ಅವರಿಗೂ ಖಾತೆ ಬೇಕು, ಚಿಗವ್ವನದನ್ನು ನಾನೇ ಮಾಡಿಕೊಟ್ಟೆ.

ಕೊರತೆಗಳೂ ಇವೆ. ಮೊಬೈಲ್‌ಗೆ ಅವರದೇ ಆ್ಯಪ್ ಇಲ್ಲ, ಬ್ರೌಸರ್‌ನಲ್ಲೇ ತೆರೆಯಬೇಕು. ಕನ್ನಡದಲ್ಲಿ ಬರೆದದ್ದು ಚೆನ್ನಾಗಿಯೇ ಕಾಣುತ್ತದೆ, ಆದರೆ ಗುಂಡಿ, ಮೆನು ಎಲ್ಲ ಇಂಗ್ಲಿಷ್. ನನ್ನ ಬಳಗದಲ್ಲಿ ಕನ್ನಡದವರು ಬಹಳ ಕಡಿಮೆ, ಅದು ನನಗೆ ನಿಜವಾದ ನೋವು. ಬರೀ ಫೋಟೊ ಹಾಕುವವರಿಗೆ ಇದು ಸರಿಹೋಗುವುದಿಲ್ಲ.

ಬರೆದದ್ದನ್ನು ತಿಂಗಳು ತಿಂಗಳಾಗಿ ಇಳಿಸಿಕೊಳ್ಳಬಹುದು. ಅದಕ್ಕೇ ಧೈರ್ಯವಾಗಿ ಬರೆಯುತ್ತೇನೆ. ಒಂದು ಊರು ನೀರಿಗೆ ಹೋದದ್ದನ್ನು ನೋಡಿದ ಮನೆಯವಳು ನಾನು, ಪ್ರತಿ ಇಟ್ಟುಕೊಳ್ಳದೆ ಇರಲಾರೆ.

ಉಚಿತ ಖಾತೆ ನನಗೆ ಸಾಕಾಗುತ್ತದೆ. ಆದರೂ ಈ ವರ್ಷ ಹಣ ಕಟ್ಟುತ್ತಿದ್ದೇನೆ, ಇದು ಉಳಿಯಬೇಕು ಅಲ್ವಾ. ಈಗ ಹೋಳಿಯ ಬಗ್ಗೆ ಬರೆಯುತ್ತಿದ್ದೇನೆ: ಹಲಗೆ ಸದ್ದು, ಬಂಡಿ ಮೇಲಿನ ಬಣ್ಣದ ಬ್ಯಾರಲ್. ಆಗ ನಮ್ಮ ಓಣಿಯ ಬಂಡಿ ಎಲ್ಲಿಂದ ಹೊರಡುತ್ತಿತ್ತು ಅಂತ ಅವ್ವನಿಗೂ ಚಿಗವ್ವನಿಗೂ ಇನ್ನೂ ಒಮ್ಮತವಾಗಿಲ್ಲ.