ಮಗುವಿನ ತುರಿಕೆಯನ್ನು ಒಂದೇ ರಾತ್ರಿಗೆ ಮಾಯ ಮಾಡುವ ಟ್ಯೂಬ್ ಕೊಟ್ಟರೆ ಹುಷಾರು

ಚಿಕ್ಕ ಮಕ್ಕಳಿರುವ ಮನೆಯವರು ದಯವಿಟ್ಟು ಓದಿ. ಮಗುವಿನ ಕೆನ್ನೆ, ಮೊಣಕೈ ಮಡಿಕೆ, ಮಂಡಿ ಹಿಂದೆ ಕೆಂಪಗೆ ಒರಟಾಗಿದೆ, ಕೆರೆದುಕೊಳ್ಳುತ್ತೆ ಅಂತ ಮೆಡಿಕಲ್ ಶಾಪಿಗೆ ಹೋಗಿ "ಏನಾದ್ರೂ ಕ್ರೀಮ್ ಕೊಡಿ" ಅನ್ನಬೇಡಿ. ಕೊಡುತ್ತಾರೆ. ತೊಂದರೆ ಅಲ್ಲೇ ಇರೋದು.

ನನ್ನ ಮಗಳಿಗೆ ಮೂರು ವರ್ಷ. ಚಳಿಗಾಲ ಬಂದರೆ ಸ್ವಲ್ಪ ಇಸುಬು ಏಳುತ್ತೆ, ಜಾಸ್ತಿ ಏನಲ್ಲ. ದಾವಣಗೆರೆಯಲ್ಲಿ ತವರಿಗೆ ಹೋದಾಗ ಮತ್ತೆ ಎದ್ದಿತು. ಮನೆ ತುಂಬ ಸಲಹೆ. ನಂಜು ಅಂತ ಒಬ್ಬರು, ಬದನೆಕಾಯಿ ತಿಂದಿದ್ದಕ್ಕೇ ಅಂತ ಇನ್ನೊಬ್ಬರು. (ಅವಳು ಬದನೆಕಾಯಿ ಮುಟ್ಟುವುದೇ ಇಲ್ಲ, ಆ ಮಾತು ಬಿಡಿ.) ಅಪ್ಪ ಮೊಮ್ಮಗಳ ಸಂಕಟ ನೋಡಲಾರದೆ ಮೊಬೈಲಲ್ಲಿ ಫೋಟೊ ತೆಗೆದುಕೊಂಡು ಅಂಗಡಿಗೆ ಹೋದರು. ಅಂಗಡಿಯವನು ಫೋಟೊ ನೋಡಿ ಒಂದು ಟ್ಯೂಬ್ ತೆಗೆದ, ಅದರ ಡಬ್ಬದ ಮೇಲೆ ಪೆನ್ನಲ್ಲಿ "ದಿನಕ್ಕೆ 2 ಸಲ" ಅಂತ ಗೀಚಿದ. "ಎಲ್ಲದಕ್ಕೂ ಆಗುತ್ತೆ ಸಾರ್. ಗಜಕರ್ಣ, ಅಲರ್ಜಿ, ಕಜ್ಜಿ, ಎಲ್ಲದಕ್ಕೂ." ಡಾಕ್ಟರ್ ಚೀಟಿ ಕೇಳಲಿಲ್ಲ. ಮಗುವಿನ ವಯಸ್ಸು ಕೇಳಲಿಲ್ಲ. ಎಷ್ಟು ದಿನ ಹಚ್ಚಬೇಕು ಅಂತಲೂ ಹೇಳಲಿಲ್ಲ.

ಬೆಳಗಾಗುವಷ್ಟರಲ್ಲಿ ಕೆಂಪು ಇಳಿದಿತ್ತು. ಎಲ್ಲರಿಗೂ ಖುಷಿ. ಹಚ್ಚುವುದು ಬಿಟ್ಟರೆ ಮತ್ತೆ ಬರುತ್ತಿತ್ತು, ಮೊದಲಿಗಿಂತ ಜೋರಾಗಿ. ಮತ್ತೆ ಅದೇ ಟ್ಯೂಬ್. ಹೀಗೇ ವಾರಗಟ್ಟಲೆ ನಡೆಯಿತು. ಆಮೇಲೆ ಕೆನ್ನೆ ಬೇರೆ ಥರ ಕಾಣತೊಡಗಿತು. ಚರ್ಮ ಈರುಳ್ಳಿಯ ಒಳಪೊರೆ ಹಾಗೆ ತೆಳ್ಳಗೆ ಹೊಳೆಯುತ್ತಿತ್ತು, ಕಿಟಕಿ ಬೆಳಕಲ್ಲಿ ಸಣ್ಣ ಸಣ್ಣ ಕೆಂಪು ರಕ್ತನಾಳಗಳು ಎದ್ದು ಕಾಣುತ್ತಿದ್ದವು. ಮೊಣಕೈ ಮಡಿಕೆಯಲ್ಲಿ ಬಣ್ಣ ಬಿಳಿಚಿಕೊಂಡಿತ್ತು.

ಚರ್ಮದ ಡಾಕ್ಟರು ಮೊದಲು ಕೇಳಿದ್ದೇ ಟ್ಯೂಬ್. ಡಬ್ಬ ತಿರುಗಿಸಿ ಸಣ್ಣ ಅಕ್ಷರ ಓದಿದರು: ಕ್ಲೋಬೆಟಾಸಾಲ್ 0.05%, ಜೊತೆಗೊಂದು ಆಂಟಿಬಯಾಟಿಕ್, ಇನ್ನೊಂದು ಫಂಗಸ್ ಔಷಧಿ. ಕ್ಲೋಬೆಟಾಸಾಲ್ ಅಂದರೆ ಹಚ್ಚುವ ಸ್ಟೆರಾಯ್ಡ್‌ಗಳಲ್ಲೇ ಅತಿ ಸ್ಟ್ರಾಂಗ್ ಗುಂಪಿನದು. 12 ವರ್ಷದೊಳಗಿನ ಮಕ್ಕಳಿಗೆ ಸಾಮಾನ್ಯವಾಗಿ ಬೇಡ ಅನ್ನುತ್ತಾರೆ. 0.05 ಅಂತ ನೋಡಿ ಕಮ್ಮಿ ಅಂದುಕೊಳ್ಳಬೇಡಿ; ಸೌಮ್ಯ ಸ್ಟೆರಾಯ್ಡ್ ಆದ 1% ಹೈಡ್ರೋಕಾರ್ಟಿಸೋನ್ ಇದರ ಮುಂದೆ ಏನೂ ಅಲ್ಲ. ಮಕ್ಕಳ ಚರ್ಮ ತೆಳು, ಹಚ್ಚಿದ್ದು ಮೈಯೊಳಗೂ ಇಳಿಯುತ್ತೆ. ಡೈಪರ್ ಕಟ್ಟುವ ಜಾಗದಲ್ಲಿ ಹಚ್ಚಿದರೆ ಇನ್ನೂ ಜಾಸ್ತಿ. ಇನ್ನು ಆ ಫಂಗಸ್ ಔಷಧಿ, ಆಂಟಿಬಯಾಟಿಕ್? ಇವಳ ಇಸುಬಿಗೆ ಅವೆರಡೂ ಬೇಕಾಗಿಯೇ ಇರಲಿಲ್ಲ.

ಇಂಥ ಟ್ಯೂಬ್ ಈಗಾಗಲೇ ಬಹಳ ದಿನದಿಂದ ಹಚ್ಚುತ್ತಿದ್ದರೆ, ಇದನ್ನು ಓದಿ ದಿಢೀರ್ ಅಂತ ನಿಲ್ಲಿಸಬೇಡಿ. ಹೇಗೆ ಬಿಡಿಸಬೇಕು ಅಂತ ಡಾಕ್ಟರೇ ಹೇಳಲಿ. ಇಸುಬಿನ ಜಾಗದಲ್ಲಿ ಕೀವು, ಹಳದಿ ಹಕ್ಕಳೆ ಕಂಡರೆ ಅಥವಾ ಮಗುವಿಗೆ ಜ್ವರ ಬಂದರೆ ಅವತ್ತೇ ಹೋಗಿ.

ನಮಗೆ ಕೆನ್ನೆಗೆ ಬರೆದುಕೊಟ್ಟದ್ದು ಟ್ಯಾಕ್ರೋಲಿಮಸ್ 0.03%, ಅದು ಸ್ಟೆರಾಯ್ಡ್ ಅಲ್ಲ. ಮಂಡಿ ಹಿಂದೆ ಕೆಂಪಾದಾಗ ಮಾತ್ರ, ಕೆಲವೇ ದಿನ, ಹೈಡ್ರೋಕಾರ್ಟಿಸೋನ್. ಅಮ್ಮ "ಮತ್ತೆ ಸ್ಟೆರಾಯ್ಡಾ?" ಅಂತ ಹೌಹಾರಿದರು. ಈ ಭಯವೂ ಒಳ್ಳೇದಲ್ಲ ಅಂತ ನನಗೆ ಅನಿಸುತ್ತೆ. ಹೆದರಿ ಏನೂ ಹಚ್ಚದೆ ಬಿಟ್ಟರೆ ಮಗು ರಾತ್ರಿಯಿಡೀ ಕೆರೆದು ಗಾಯ ಮಾಡಿಕೊಳ್ಳುತ್ತೆ. ಯಾವುದು, ಎಲ್ಲಿಗೆ, ಎಷ್ಟು ದಿನ ಅನ್ನೋದು ಗೊತ್ತಿದ್ದರೆ ಸಾಕು. ಅಳತೆಯನ್ನೂ ಡಾಕ್ಟರು ತೋರಿಸಿಕೊಟ್ಟರು. ದೊಡ್ಡವರ ತೋರುಬೆರಳ ತುದಿಯಿಂದ ಮೊದಲ ಗೆರೆವರೆಗೆ ಟ್ಯೂಬ್ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಬೆರಳೂ ಸೇರಿ ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಅಷ್ಟೇ.

ಹೆಚ್ಚು ಕೆಲಸಕ್ಕೆ ಬಂದದ್ದು ಮಾತ್ರ ಮಾಯಿಶ್ಚರೈಸರ್. ಉಗುರುಬೆಚ್ಚಗಿನ ನೀರಲ್ಲಿ ಬೇಗ ಸ್ನಾನ, ಕಡಲೆಹಿಟ್ಟು ಹಾಕಿ ಉಜ್ಜುವುದು ಬಂದ್. ಟವೆಲಿನಿಂದ ಒತ್ತಿ ಒರೆಸಿ, ಮೈ ಇನ್ನೂ ಹಸಿ ಇರುವಾಗಲೇ ಧಾರಾಳವಾಗಿ ಬಳಿಯಬೇಕು. ವಾಸನೆ ಬರುವ ಬೇಬಿ ಲೋಷನ್ ಬೇಡ.

ಸಂತೆಯಲ್ಲಿ ಮಾರುವ, ಏನಿದೆ ಅಂತ ಬರೆಯದ "ಗಿಡಮೂಲಿಕೆ" ಮುಲಾಮಿನ ಡಬ್ಬಿಗೂ ಇದೇ ಮಾತು. ಅಂಥವುಗಳಲ್ಲೂ ಸ್ಟೆರಾಯ್ಡ್ ಬೆರೆಸಿದ್ದು ಎಷ್ಟೋ ಸಲ ಪತ್ತೆಯಾಗಿದೆ.

ಆ ಅಂಗಡಿಗೆ ಹೋಗಿ ಕೇಳಿದೆ. "ಬೇಕಾದ್ರೆ ಬೇರೆ ಕಂಪನಿದು ಕೊಡ್ತೀನಿ ಮೇಡಂ" ಅಂದ. ಹಚ್ಚುವ ಸ್ಟೆರಾಯ್ಡ್‌ಗಳ ಮೇಲಿನ ನಿಯಮವನ್ನು ಕೇಂದ್ರ ಸರ್ಕಾರ 2018ರಲ್ಲೇ ಬಿಗಿ ಮಾಡಿದೆ. ಇಂಥವನ್ನು ಚೀಟಿ ಇಲ್ಲದೆ ಮಾರುವಂತಿಲ್ಲ. ಮಾರಿದರೆ ಔಷಧ ನಿಯಂತ್ರಣದ ಕಚೇರಿಗೆ ದೂರು ಕೊಡಬಹುದು. ಆದರೆ ಟ್ಯೂಬ್ ಆ ಅಂಗಡಿಯದೇ ಅಂತ ತೋರಿಸೋಕೆ ನಮ್ಮ ಹತ್ತಿರ ಇದ್ದದ್ದು ಪೆನ್ನಲ್ಲಿ ಗೀಚಿದ ಆ ಡಬ್ಬ ಒಂದೇ. ಬಿಲ್ ಅವನು ಕೊಟ್ಟಿರಲೇ ಇಲ್ಲ. ನೀವು ಹತ್ತು ರೂಪಾಯಿ ಔಷಧಿ ತಗೊಂಡರೂ ಬ್ಯಾಚ್ ನಂಬರ್ ಇರುವ ಬಿಲ್ ಕೇಳಿ ತಗೊಳ್ಳಿ.