ಮಗುವಿನ ಚಿತ್ರವನ್ನು ಅಂಗಿಗೆ ಪ್ರಿಂಟ್ ಮಾಡಿಸುವ ಮೊದಲು ಒಮ್ಮೆ ಓದಿ

"ಪ್ಯೂರ್ ಕಾಟನ್ ಮೇಡಂ, ಸಬ್ಲಿಮೇಶನ್ ಪ್ರಿಂಟ್, ಎಷ್ಟು ಒಗೆದರೂ ಹೋಗುವುದಿಲ್ಲ." ಯಾರಾದರೂ ನಿಮಗೆ ಹೀಗೆ ಹೇಳಿದರೆ ಅಲ್ಲಿಂದಲೇ ವಾಪಸ್ ಬನ್ನಿ. ನಾನು ಬರಲಿಲ್ಲ, 1350 ರೂಪಾಯಿ ಕೊಟ್ಟು ಬಂದೆ.

ಆದದ್ದು ಇಷ್ಟು. ಕೃಷ್ಣಾಷ್ಟಮಿಯ ಮರುದಿನ, ವಿಟ್ಲಪಿಂಡಿಗೆ ಉಡುಪಿಯ ರಥಬೀದಿಯಲ್ಲಿ ಹುಲಿವೇಷ ನೋಡಿ ಬಂದ ನನ್ನ ಐದು ವರ್ಷದ ಮಗಳು ಒಂದು ಹುಲಿ ಬಿಡಿಸಿದಳು. ಆರು ಕಾಲಿನ ಹುಲಿ. ಯಾಕೆ ಪುಟ್ಟಾ ಆರು ಅಂತ ಕೇಳಿದರೆ, "ಅದು ಕುಣೀತಾ ಉಂಟಲ್ವಾ, ಕಾಲು ನಿಲ್ಲುವುದೇ ಇಲ್ಲ" ಅಂದಳು. ಅದು ತಿಂಗಳುಗಟ್ಟಲೆ ನಮ್ಮ ಫ್ರಿಜ್ ಮೇಲೇ ಇತ್ತು. ಮಾರ್ಚ್‌ನಲ್ಲಿ ಅವಳ ತಮ್ಮನ ಅನ್ನಪ್ರಾಶನ ಬಂತು. ಅಕ್ಕನ ಹುಲಿ ತಮ್ಮನ ಅಂಗಿ ಮೇಲೆ ಇರಲಿ ಅಂತ ಆಸೆಪಟ್ಟು ಮೂರು ಜಬಲಾಕ್ಕೆ ಆರ್ಡರ್ ಕೊಟ್ಟೆ. ದುಡ್ಡು ಪೂರ್ತಿ ಮುಂಗಡ. ಅದೇ ಮೊದಲ ತಪ್ಪು.

ಬಂದಾಗ ನೋಡಿದರೆ ಹುಲಿಗೆ ನಾಲ್ಕೇ ಕಾಲು! ಫೋನ್ ಮಾಡಿ ಕೇಳಿದೆ. "ಎರಡು ಜಾಸ್ತಿ ಇತ್ತು ಮೇಡಂ, ನಾವೇ ಸರಿ ಮಾಡಿದೆವು" ಅಂದರು, ಉಪಕಾರ ಮಾಡಿದ ಹಾಗೆ. ಎಂತ ಹೇಳುವುದು ಮಾರಾಯ್ರೆ, ವೇಷ ಹಾಕಿದವನಿಗೆ ಎರಡು ಕಾಲು, ಕಾಡಿನ ಹುಲಿಗೆ ನಾಲ್ಕು, ನನ್ನ ಮಗಳ ಹುಲಿಗೆ ಆರು, ಆ ಆರಕ್ಕೇ ಅಲ್ವಾ ನಾನು ದುಡ್ಡು ಕೊಟ್ಟದ್ದು.

ಆದರೂ ಪ್ರಿಂಟ್ ಮಾತ್ರ ಚಂದ ಬಂದಿತ್ತು. ಬೆರಳಿನಿಂದ ಸವರಿದರೆ ಚಿತ್ರ ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತಲೂ ಗೊತ್ತಾಗುತ್ತಿರಲಿಲ್ಲ. ಅದನ್ನೇ ಹೊಗಳಿ ನಾಲ್ಕು ಜನರಿಗೆ ತೋರಿಸಿದ್ದೆ.

ಅನ್ನಪ್ರಾಶನದ ದಿನ ಸೆಕೆ ಹೇಗಿತ್ತು ಅಂದರೆ ಫ್ಯಾನಿನ ಗಾಳಿಯೂ ಬಿಸಿ. ಒಂದು ಗಂಟೆ ಆಗಿಲ್ಲ, ಮಗು ರಂಪ ಶುರು ಮಾಡಿತು. ಹಸಿವೆಯೋ ನಿದ್ದೆಯೋ ಅಂತ ನಾವು ಒಬ್ಬರ ಕೈಯಿಂದ ಒಬ್ಬರು ಎತ್ತಿಕೊಳ್ಳುತ್ತಿದ್ದೆವು. ಅತ್ತೆ ಬಂದು ಬೆನ್ನಿಗೆ ಕೈ ಹಾಕಿದವರೇ, "ಮೊದಲು ಈ ಅಂಗಿ ತೆಗಿ" ಅಂದರು. ಕುತ್ತಿಗೆ, ಬೆನ್ನು, ಕಂಕುಳು ಎಲ್ಲಾ ಕೆಂಪು ಬೆವರುಸಾಲೆ. ತಣ್ಣೀರಲ್ಲಿ ಒರೆಸಿ ಹಳೇ ಬನಿಯನ್ ಹಾಕಿದ ಮೇಲೆ ಸುಮ್ಮನಾದ.

ರಾತ್ರಿ ನನಗೆ ಸಂಶಯ ಬಂತು. ಜಬಲಾದ ಅಂಚಿನಿಂದ ಒಂದು ನೂಲು ಎಳೆದು, ಚಿಮಟದಲ್ಲಿ ಹಿಡಿದು, ಸಿಂಕಿನ ಮೇಲೆ ಬೆಂಕಿಕಡ್ಡಿ ಗೀರಿದೆ. ಹತ್ತಿಯಾದರೆ ಕಾಗದದ ಹಾಗೆ ಉರಿದು ಮೆತ್ತಗಿನ ಬೂದಿ ಆಗಬೇಕು. ಮಾವನ ಹಳೇ ಪಂಚೆಯ ನೂಲು ಹಾಗೇ ಆಯಿತು. ಇದು ಬೆಂಕಿ ಕಂಡದ್ದೇ ಮುದುಡಿ, ಕರಗಿ, ತುದಿಯಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಮಣಿ ಆಗಿ ನಿಂತಿತು. ಉಗುರಿನಿಂದ ಒತ್ತಿದರೂ ಒಡೆಯಲಿಲ್ಲ. ಪಾಲಿಯೆಸ್ಟರ್.

ಆಮೇಲೆ ಪ್ರಿಂಟಿಂಗ್ ಕೆಲಸ ಗೊತ್ತಿರುವ ಪರಿಚಯದವರು ಹೇಳಿದರು. ಸಬ್ಲಿಮೇಶನ್‌ನಲ್ಲಿ ಸುಮಾರು 200 ಡಿಗ್ರಿ ಬಿಸಿಗೆ ಬಣ್ಣ ಆವಿಯಾಗಿ ಪಾಲಿಯೆಸ್ಟರ್ ನೂಲಿನ ಒಳಗೇ ಸೇರಿಕೊಳ್ಳುತ್ತದಂತೆ, ಕೈಗೆ ಏನೂ ತಗಲದೇ ಇದ್ದದ್ದು ಅದಕ್ಕೇ. ಬರೀ ಹತ್ತಿಗೆ ಆ ಬಣ್ಣ ಹಿಡಿಯುವುದಿಲ್ಲ, ಒಗೆದರೆ ಮಾಸುತ್ತದೆ. ಅಂದರೆ ನಾನು ಹೊಗಳಿದ ಆ ನುಣುಪೇ ಸಾಕ್ಷಿ, ನನಗೆ ಗೊತ್ತಾಗಲಿಲ್ಲ ಅಷ್ಟೇ. ಹತ್ತಿ ಬಟ್ಟೆಗೆ ಡಿಟಿಜಿ ಅಂತ ಬೇರೆ ವಿಧಾನ ಉಂಟು, ನೀರಿನ ಶಾಯಿ ನೇರ ಬಟ್ಟೆ ಮೇಲೆ. ಫಿಲ್ಮ್ ಮೇಲೆ ಪ್ರಿಂಟ್ ಮಾಡಿ ಬಿಸಿಯಲ್ಲಿ ಬಟ್ಟೆಗೆ ಒತ್ತುವ ಡಿಟಿಎಫ್ ಕೂಡ ಹತ್ತಿಗೆ ಆಗುತ್ತದೆ, ಆದರೆ ಮೇಲೆ ತೆಳು ಪ್ಲಾಸ್ಟಿಕ್‌ನಂಥ ಪದರ ಕೂತುಬಿಡುತ್ತದೆ. ನಮ್ಮ ಊರಿನ ಸೆಕೆಗೆ ಎಳೆಮಗುವಿನ ಎದೆ ತುಂಬಾ ಅದನ್ನು ಅಂಟಿಸಬೇಡಿ. ಹಾಗಾಗಿ ರೇಟ್ ಕೇಳುವ ಮೊದಲು ವಿಧಾನ ಕೇಳಿ, ಬಟ್ಟೆಯ ಒಂದು ತುಂಡು ಕೇಳಿ, "ಚಿತ್ರ ತಿದ್ದಬಾರದು" ಅಂತ ಬರೆದೇ ಕಳುಹಿಸಿ.

ದುಡ್ಡು ವಾಪಸ್ ಕೇಳಿದ್ದಕ್ಕೆ "ಹೇಳಿ ಮಾಡಿಸಿದ ಐಟಂ, ರಿಟರ್ನ್ ಇಲ್ಲ" ಎಂಬ ಉತ್ತರ. ಮನಸ್ಸು ಬದಲಾಯಿತು ಅಂತ ಕೇಳಿದರೆ ಸರಿ, ಕಾಟನ್ ಅಂತ ಪಾಲಿಯೆಸ್ಟರ್ ಕೊಟ್ಟದ್ದಕ್ಕೆ ಆ ಮಾತು ಹೇಗೆ ಒಪ್ಪುವುದು? ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅವರ "ಪ್ಯೂರ್ ಕಾಟನ್" ಮೆಸೇಜ್ ಅಳಿಸದೆ ಇಟ್ಟದ್ದು ಪುಣ್ಯ.

ಮೂರು ಜಬಲಾದಲ್ಲಿ ಒಂದು ಈಗ ಮಗಳ ಗೊಂಬೆಯ ಮೈಮೇಲೆ ಉಂಟು. ಬಿಟ್ಟುಹೋದ ಎರಡು ಕಾಲನ್ನು ಅವಳೇ ಸ್ಕೆಚ್ ಪೆನ್ನಲ್ಲಿ ಸೇರಿಸಿದ್ದಾಳೆ. ಪ್ರತಿ ಸಲ ಒಗೆದಾಗ ಹೋಗುತ್ತವೆ, ಅವಳು ಪುನಃ ಬಿಡಿಸುತ್ತಾಳೆ.