ಬಿಡ್ತಿಗೆಯಲ್ಲಿ ಇಲ್ಲದ ಪೆಟ್ಟು: ರೆಕಾರ್ಡಿಂಗ್ ನಿಧಾನ ಮಾಡುವ ಮೂರು ದಾರಿ

ಮೊದಲೇ ಹೇಳಿಬಿಡುತ್ತೇನೆ, ರೆಕಾರ್ಡಿಂಗ್ ನಿಧಾನ ಮಾಡಿ ಕೇಳಲು ನನ್ನ ಓಟು ಧ್ವನಿಯ ಚಿತ್ರ ತೋರಿಸುವ ಕಂಪ್ಯೂಟರ್ ತಂತ್ರಾಂಶ ಸಾನಿಕ್ ವಿಷುಯಲೈಸರ್‌ಗೆ. ಅದರ ಒಳಗೆ ವೇಗ ಇಳಿಸುವ ಕೆಲಸ ಮಾಡುವುದು ರಬ್ಬರ್ ಬ್ಯಾಂಡ್ ಎಂಬ ಲೈಬ್ರರಿ, ಅಂದರೆ ಬೇರೆ ತಂತ್ರಾಂಶಗಳು ಒಳಗೆ ಬಳಸಿಕೊಳ್ಳುವ ಕೋಡ್. ಎರಡೂ ಪುಕ್ಕಟೆ. ಇಷ್ಟು ತಿಳಿಯಲು ನನಗೆ 1,499 ರೂಪಾಯಿ ಮತ್ತು ಮೂರು ವಾರ ಹೋಯಿತು.

ನಾನು ಯಕ್ಷಗಾನದ ತೆಂಕುತಿಟ್ಟಿನ ಮದ್ದಳೆ ಕಲಿಯುತ್ತಿದ್ದೇನೆ. ನಲವತ್ತು ದಾಟಿದ ಮೇಲೆ ಶುರು ಮಾಡಿದ್ದು, ಬೆರಳು ಹೇಗೂ ನಿಧಾನ. ದೊಡ್ಡಪ್ಪ ಹಿಂದೆ ರಂಗಸ್ಥಳದ ಪಕ್ಕ ಟೇಪ್ ರೆಕಾರ್ಡರ್ ಇಟ್ಟು ಹಿಡಿದ ಒಂದು ಆಟದ ಕ್ಯಾಸೆಟ್ ನಮ್ಮ ಮನೆಯಲ್ಲಿದೆ. ಅದರಲ್ಲಿ ಒಂದು ಪದದ (ಹಾಡಿನ) ಕೊನೆಗೆ ಬರುವ ಬಿಡ್ತಿಗೆ, ಅಂದರೆ ಮುಗಿಸುವ ಪೆಟ್ಟುಗಳ ಸಾಲು, ನನ್ನ ತಲೆಯೊಳಗೆ ಕೂತುಬಿಟ್ಟಿತ್ತು. ಎರಡೇ ಸೆಕೆಂಡು. ಆದರೆ ಆ ವೇಗದಲ್ಲಿ ಪೆಟ್ಟು ಎಣಿಸುವುದು ನನ್ನಿಂದಾಗದ ಕೆಲಸ. ಶ್ರುತಿ ಬದಲಾಗದೆ ವೇಗ ಇಳಿಸುತ್ತೇವೆ ಎನ್ನುವ ಒಂದು ಫೋನ್ ಆ್ಯಪಿಗೆ ವರ್ಷದ ಚಂದಾ ಕಟ್ಟಿದೆ. ಅರ್ಧ ವೇಗದ ಫೈಲ್ ಮಾಡಿಟ್ಟುಕೊಂಡು ದಿನಾ ರಾತ್ರಿ ಅದನ್ನೇ ಕೇಳಿ ಬಾರಿಸಿದೆ.

ಮೂರು ವಾರದ ನಂತರ ಗುರುಗಳ ಮುಂದೆ ಬಾರಿಸಿದಾಗ ಅವರು ಕೈ ಎತ್ತಿ ನಿಲ್ಲಿಸಿದರು. "ಎಂತ ಮಾರಾಯ, ಇದು ಎಲ್ಲಿ ಕಲ್ತದ್ದು? ಪೆಟ್ಟು ಜಾಸ್ತಿ ಉಂಟಲ್ಲ?"

ಕ್ಯಾಸೆಟ್ಟಿನಲ್ಲಿ ಹಾಗೇ ಇದೆ ಎಂದು ವಾದಿಸಿದೆ. ಫೈಲ್ ಹಾಕಿ ಕೇಳಿಸಿದೆ ಕೂಡ. ಅವರು ಮೂಲದ ವೇಗದಲ್ಲಿ ಒಮ್ಮೆ ಕೇಳಿ, "ಇಲ್ಲ" ಎಂದರು. ಅಷ್ಟೇ.

ಮನೆಗೆ ಬಂದು ಎರಡೂ ಫೈಲುಗಳ ಅಲೆಯ ಚಿತ್ರವನ್ನು ಮೇಲೆ ಕೆಳಗೆ ಇಟ್ಟು ನೋಡಿದೆ. ಮೂಲದಲ್ಲಿ ಒಂದು ಮುಳ್ಳು ಎದ್ದಿದ್ದ ಕಡೆ ನಿಧಾನದ ಫೈಲಿನಲ್ಲಿ ಎರಡು ಮುಳ್ಳು, ಸುಮಾರು 60 ಮಿಲಿಸೆಕೆಂಡಿನ ಅಂತರದಲ್ಲಿ. ಎಲ್ಲ ಪೆಟ್ಟುಗಳಿಗೂ ಹಾಗಾಗಿರಲಿಲ್ಲ, ನಾಲ್ಕಕ್ಕೆ ಮಾತ್ರ. ಎಲ್ಲವೂ ಜೋಡಿಯಾಗಿದ್ದರೆ ಅಂದೇ ಅನುಮಾನ ಬರುತ್ತಿತ್ತು, ಅಲ್ವಾ? ನಾನು ಕೇಳುತ್ತಿದ್ದದ್ದು ಒಮ್ಮೆ ಮಾಡಿಟ್ಟ ಫೈಲು. ದಿನಾ ಅದೇ ಜಾಗದಲ್ಲಿ ಅದೇ ಜೋಡಿ ಪೆಟ್ಟು ಬರುತ್ತಿತ್ತು, ಹಾಗಾಗಿ ನಂಬಿಬಿಟ್ಟೆ.

ತಪ್ಪು ಆ ಆ್ಯಪಿನ ವಿಧಾನದ ಸ್ವಭಾವದಲ್ಲೇ ಇದೆ, ಇದು ಮೊದಲನೆಯ ದಾರಿ. ಧ್ವನಿಯನ್ನು ಹತ್ತಾರು ಮಿಲಿಸೆಕೆಂಡಿನ ಚೂರುಗಳಾಗಿ ಕತ್ತರಿಸುವುದು, ಸಮಯ ತುಂಬಿಸಲು ಚೂರುಗಳನ್ನು ಮತ್ತೆ ಮತ್ತೆ ಬಳಸುವುದು, ಅಂಚುಗಳನ್ನು ಒಂದರ ಮೇಲೊಂದು ಹೊಂದಿಸಿ ಅಂಟಿಸುವುದು. ಈ ಜಾತಿಯಲ್ಲಿ ಹೆಸರಾದದ್ದು 1993ರ ಡಬ್ಲ್ಯುಸೋಲಾ. ಒಂಟಿ ಗಂಟಲಿಗೆ ಇದು ಚೆನ್ನಾಗಿಯೇ ಒಗ್ಗುತ್ತದೆ. ಸ್ವರ ಎಂದರೆ ಒಂದೇ ಅಲೆ ಮರುಕಳಿಸುವುದು, ಇನ್ನೆರಡು ಸಲ ಮರುಕಳಿಸಿದರೆ ಕಿವಿಗೆ ಗೊತ್ತಾಗುವುದಿಲ್ಲ. ಆದರೆ ಮದ್ದಳೆಯ ಪೆಟ್ಟು ಬೀಳುವುದು ಒಂದೇ ಸಲ. ಅದಿರುವ ಚೂರು ಎರಡು ಸಲ ಬಂದರೆ ಪೆಟ್ಟೂ ಎರಡು.

ಎರಡನೆಯ ದಾರಿ ಫೇಸ್ ವೊಕೋಡರ್. 1966ರಲ್ಲಿ ಬೆಲ್ ಲ್ಯಾಬ್ಸ್‌ನ ಫ್ಲಾನಗನ್ ಮತ್ತು ಗೋಲ್ಡನ್ ಮಾತಿನ ಧ್ವನಿಗಾಗಿ ಮಾಡಿದ್ದು. ಇದು ಧ್ವನಿಯನ್ನು ಕಂಪನಾಂಕಗಳಾಗಿ ಬಿಡಿಸಿ, ಪ್ರತಿಯೊಂದನ್ನೂ ಎಳೆದು, ಮತ್ತೆ ಜೋಡಿಸುತ್ತದೆ. ಪೆಟ್ಟಿನ ಲೆಕ್ಕ ಸರಿ ಬಂತು. ಆದರೆ ಸೆಕೆಂಡಿಗೆ 44,100 ಸ್ಯಾಂಪಲ್ ಇರುವ ರೆಕಾರ್ಡಿಂಗಿನಲ್ಲಿ ಒಮ್ಮೆಗೆ ಬಿಡಿಸುವ 2,048 ಸ್ಯಾಂಪಲ್‌ನ ಕಿಟಕಿ ಎಂದರೆ ಸುಮಾರು 46 ಮಿಲಿಸೆಕೆಂಡು. ಪೆಟ್ಟಿನ ಮೊನೆ ಅಷ್ಟಗಲಕ್ಕೆ ಹರಡಿ ಮೊಂಡಾಗುತ್ತದೆ. ಚಕ್ರತಾಳದ ಲೋಹದ ಸದ್ದಂತೂ ದೋಸೆ ಕಾವಲಿಗೆ ನೀರು ಚಿಮುಕಿಸಿದ ಹಾಗೆ ಕೇಳಿತು. ಹಾಡುವ ಭಾಗವತರು ಬಾವಿಯೊಳಗೆ ಕೂತಂತೆ.

ಸಮಯಕ್ಕೆ ಎದುರಾಗಿ ಕಂಪನಾಂಕಗಳನ್ನು ತೋರಿಸುವ ಚಿತ್ರವಾದ ಸ್ಪೆಕ್ಟ್ರೋಗ್ರಾಂನಲ್ಲಿ ಹಾಡು ಅಡ್ಡಗೆರೆ, ಪೆಟ್ಟು ಉದ್ದಗೆರೆ. ಅದೇ ಸುಳಿವು ಹಿಡಿದು ಎರಡನ್ನೂ ಬೇರ್ಪಡಿಸುವ ವಿಧಾನವನ್ನೂ ನೋಡಿದೆ. ಮದ್ದಳೆ ಶ್ರುತಿಗೆ ಕೂಡಿಸಿದ ವಾದ್ಯ, ಅದರ ನಾದವೂ ಅಡ್ಡಗೆರೆಯೇ. ಟಪ್ ಎಂಬುದು ಒಂದು ಕಡೆ, ಗುಂಯ್ ಎಂಬುದು ಭಾಗವತರ ಜೊತೆ. ಎಣಿಸಲು ಸಾಕು, ಕಲಿಯಲು ಸಾಲದು.

ಮೂರನೆಯ ದಾರಿ ರಬ್ಬರ್ ಬ್ಯಾಂಡ್. ಅದು ಕೂಡ ಫೇಸ್ ವೊಕೋಡರ್ ಮನೆತನದ್ದೇ. ಆದರೆ ಪೆಟ್ಟು ಬೀಳುವ ಜಾಗವನ್ನು ಹುಡುಕಿ, ಅಲ್ಲಿ ಫೇಸ್ ಲೆಕ್ಕವನ್ನು (ಅಲೆ ತನ್ನ ಸುತ್ತಿನಲ್ಲಿ ಎಲ್ಲಿದೆ ಎಂಬುದನ್ನು) ಹೊಸದಾಗಿ ಶುರು ಮಾಡುತ್ತದೆ. ಮೊನೆ ಉಳಿಯುತ್ತದೆ. ಫೈಲ್ ಮಾಡಿಟ್ಟುಕೊಳ್ಳುವುದಾದರೆ ಕಮಾಂಡ್ ಲೈನಿನಲ್ಲಿ ಕ್ರಿಸ್ಪ್‌ನೆಸ್ ಎಂಬುದನ್ನು 6ಕ್ಕೆ ಇಡಿ, ಚರ್ಮವಾದ್ಯಕ್ಕೆ ಅದೇ ಸರಿ. ಸಾನಿಕ್ ವಿಷುಯಲೈಸರ್‌ನಲ್ಲಾದರೆ ಫೈಲ್ ಮಾಡುವ ಗೋಜೇ ಇಲ್ಲ, ಕೇಳುತ್ತಲೇ ವೇಗ ಇಳಿಸಬಹುದು. ಪಕ್ಕದಲ್ಲೇ ಉದ್ದಗೆರೆಗಳು ಕಾಣುತ್ತವೆ. ಕಿವಿಯ ಮೇಲೆ ಅನುಮಾನ ಬಂದರೆ ಕಣ್ಣಿನಿಂದ ಎಣಿಸಬಹುದು. ಪೆಟ್ಟು ತಿಂದವನಿಗೆ ಇದು ದೊಡ್ಡ ಸಮಾಧಾನ. ಮೆನುಗಳು ಮೊದಲ ದಿನ ತಲೆ ತಿರುಗಿಸುತ್ತವೆ. ಫೋನಿನಲ್ಲಿ ಸಿಗುವುದಿಲ್ಲ.

ಒಂದು ಮಾತು ಬಿಟ್ಟುಹೋಗುತ್ತಿತ್ತು. ಕ್ಯಾಸೆಟ್ ಓಡಿದ ವೇಗವೇ ತಪ್ಪಿದ್ದರೆ ಅದನ್ನು ಸರಿಪಡಿಸಲು ಈ ಯಾವ ಜಾಣತನವೂ ಬೇಡ. ನನ್ನದರಲ್ಲಿ ಹಾರ್ಮೋನಿಯಂ ಮನೆಯ ಲೆಕ್ಕದಲ್ಲಿ ಕಪ್ಪು ಎರಡರ ಶ್ರುತಿಯ ಭಾಗವತರು ಅದರ ಮುಂದಿನ ಬಿಳಿ ಮೂರಕ್ಕೆ ಏರಿಬಿಟ್ಟಿದ್ದರು, ಅಂದರೆ ವೇಗ ಸುಮಾರು 6% ಹೆಚ್ಚು. ಶ್ರುತಿ, ವೇಗ ಎರಡೂ ಒಟ್ಟಿಗೆ ಕೆಟ್ಟಿದ್ದರಿಂದ ಎರಡನ್ನೂ ಒಟ್ಟಿಗೆ ಇಳಿಸುವ ಹಳೆಯ ರೀಸ್ಯಾಂಪ್ಲಿಂಗ್ ಸಾಕಾಯಿತು. ಇದನ್ನು ಮೊದಲು ಮಾಡಿ, ಆಮೇಲೆ ಉಳಿದದ್ದು.

ನನಗೆ ಲ್ಯಾಪ್‌ಟಾಪ್ ಮುಂದೆ ಮದ್ದಳೆ ಇಟ್ಟುಕೊಂಡು ಕೂರುವ ಅಭ್ಯಾಸ, ಹಾಗಾಗಿ ಈ ಆಯ್ಕೆ. ಬಸ್ಸಿನಲ್ಲಿ ಕೇಳಿ ಪದ ಕಲಿಯುವ ಹಾಡುಗಾರರಿಗೆ ಆ ಆ್ಯಪೇ ಸಾಕಾಗಬಹುದು. ಚೆಂಡೆ ಮದ್ದಳೆ ಇಲ್ಲದ ಪದಗಳಿಗೆ ನಾನೂ ಅದನ್ನೇ ಬಳಸುತ್ತಿದ್ದೇನೆ, ದುಡ್ಡು ಕೊಟ್ಟಾಗಿದೆಯಲ್ಲ. ಮುಂದಿನ ವರ್ಷದ ಚಂದಾ ತಾನಾಗಿಯೇ ಕಡಿತವಾಗದಂತೆ ಮಾತ್ರ ಮೊನ್ನೆ ಆಫ್ ಮಾಡಿದೆ.